ಚೌತಿಗೆ ಸಿಕ್ಕ ಸ್ವಂತ ವಿಳಾಸ

ಆ ವರ್ಷ ಚೌತಿಗೆ ತಂಗಿ ಡೊಂಬಿವಲಿಯ ನಮ್ಮ ಮನೆಗೆ ಬರುವಂತಿರಲಿಲ್ಲ. ಚೊಚ್ಚಲ ಬಸುರಿ, ಬೇಲಾಪುರದ ಗಂಡನ ಮನೆಯಲ್ಲಿ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರರ ಕಟ್ಟಪ್ಪಣೆ. “ಅಣ್ಣ, ಮಂಗಳಾರತಿ ಒಂದು ತೋರಿಸು ಮಾರಾಯ, ಇಲ್ಲದಿದ್ರೆ ನಂಗೆ ಹಬ್ಬವೇ ಅಲ್ಲ” ಎಂದು ಫೋನಿನಲ್ಲಿ ಅತ್ತಳು. ನನಗೆ ಅಷ್ಟು ಸಾಕಾಯಿತು. ನೋಡುವವರು ಕೂತಲ್ಲಿಂದಲೇ ಕತ್ತು ತಿರುಗಿಸಬಹುದಾದ ಕ್ಯಾಮೆರಾ ತಂದು ದೇವರೆದುರು ಕೂರಿಸಿಯೇ ಬಿಟ್ಟೆ.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತಿತ್ತು, ಬೇಲಾಪುರದಲ್ಲಿ ಮಾತ್ರ ಸೊನ್ನೆ. ಇಂಟರ್ನೆಟ್ ಕೊಡುವ ಕೇಬಲ್‌ನವನು ಬಂದು ನಕ್ಕ. ಇಡೀ ಬಿಲ್ಡಿಂಗಿಗೆ ಹೊರಗಿನ ವಿಳಾಸ ಒಂದೇ, ಒಳಗೆ ಮನೆಗೊಂದು ನಂಬರು. ನಾವು ಹೊರಗೆ ಕೇಳಿದ್ದಕ್ಕೆ ಉತ್ತರ ಸರಿಯಾಗಿ ಮನೆಗೆ ಬರುತ್ತದೆ. ಹೊರಗಿನವರು ತಾವಾಗಿ ಬಂದರೆ ಯಾವ ಮನೆಗೆಂದು ತಿಳಿಯದೆ ಗೇಟಿನಿಂದಲೇ ವಾಪಸ್ಸು, ನಮ್ಮ ವಾಚ್‌ಮನ್ ಮಾಡುವ ಹಾಗೆ. “ಪಬ್ಲಿಕ್ ಐಪಿ ಘ್ಯಾ ಸಾಹೇಬ್, ಡೈರೆಕ್ಟ್ ತುಮ್ಚ್ಯಾ ಘರಾತ್!” ಎಂದ. ಅದನ್ನು ತಕ್ಕೊಂಡರೆ ಹೊರಗಿನವರು ನೇರ ನಮ್ಮ ಮನೆಗೇ ಬರಬಹುದಂತೆ. ಲೋಕದಲ್ಲೆಲ್ಲ ನಮ್ಮ ಮನೆಗೇ ಒಂದು ಸ್ವಂತ ವಿಳಾಸ! ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕವನ ಹಾಗೆ ಹಿಗ್ಗಿ, ಆ ದಿನವೇ ಹಾಕಿಸಿಕೊಂಡೆ.

ಹಬ್ಬದ ಬೆಳಿಗ್ಗೆ ಸ್ಪೀಕರ್ ಫೋನಿನಲ್ಲಿ ತಂಗಿಯ ಕೂಗು: “ಕಾಣ್ತದೆ! ಕಾಣ್ತದೆ!” ಅಷ್ಟರಲ್ಲಿ ಕ್ಯಾಮೆರಾ ಮೆಲ್ಲನೆ ಅಡುಗೆಮನೆಯತ್ತ ತಿರುಗಿತು. ಅಮ್ಮನಿಗೆ ನಗುವೋ ನಗು. “ಬಸುರಿಯ ಆಸೆ ನೋಡು! ನೈವೇದ್ಯ ಆಗ್ಲಿ ಮಗಾ” ಎನ್ನುತ್ತ ಕಡುಬಿನ ತಟ್ಟೆಯನ್ನು ಕ್ಯಾಮೆರಾದ ಮೂಗಿಗೇ ಹಿಡಿದರು.

“ಅಮ್ಮಾ, ನಾನು ತಿರುಗಿಸ್ಲಿಲ್ಲ!” ಎಂದಳು ತಂಗಿ ಫೋನಿನಲ್ಲಿ.

ನಾನೂ ತಿರುಗಿಸಿರಲಿಲ್ಲ. ಕ್ಯಾಮೆರಾಕ್ಕೆ ಕಂಪನಿಯವರು ಎಲ್ಲದಕ್ಕೂ ಇಡುವ ಪಾಸ್‌ವರ್ಡೇ ಇತ್ತು, ಸ್ವಂತ ವಿಳಾಸವಂತೂ ಯಾರಿಗೆ ಬೇಕಾದರೂ ತೆರೆದಿತ್ತು. ಯಾರೋ ಒಳಗೆ ಬಂದಿದ್ದರು. ನಾನು ಮೌಸ್ ಹಿಡಿದು ದೇವರ ಕಡೆ ತಿರುಗಿಸಿದರೆ ಅವರು ಕಡುಬಿನ ಕಡೆ ತಿರುಗಿಸಿದರು. ಕ್ಯಾಮೆರಾದ ವೈರ್ ಕೀಳಲು ಕೈ ಹಾಕಿದೆ. “ಬೇಡ ಅಣ್ಣ, ಆರತಿ ತಪ್ಪಿಹೋಗ್ತದೆ!” ಎಂದು ತಂಗಿ ಕಿರುಚಿದಳು.

“ಇರ್ಲಿ ಬಿಡು. ಚೌತಿ ದಿನ ಮನೆಗೆ ಬಂದವರನ್ನ ಹೊರಗೆ ಹಾಕ್ಲಿಕ್ಕುಂಟಾ?” ಅಮ್ಮ ಸೆರಗು ಸರಿಮಾಡಿಕೊಂಡು ಆರತಿ ಹಚ್ಚಿದರು, ಘಂಟೆ ಬಾರಿಸಿದರು. ನಾನು ಮೌಸ್ ಮುಟ್ಟಲಿಲ್ಲ. ಕ್ಯಾಮೆರಾ ತಾನಾಗಿ ಗಣಪತಿಯತ್ತ ತಿರುಗಿತು, ಆರತಿ ಮುಗಿಯುವವರೆಗೂ ಅಲ್ಲಾಡಲಿಲ್ಲ. ಫೋನಿನಲ್ಲಿ ತಂಗಿ ಅಳುತ್ತ ನಗುತ್ತಿದ್ದಳು, ನನಗೂ ತಡೆಯಲಾಗಲಿಲ್ಲ.

ಅಮ್ಮ ಆರತಿ ತಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದರು. “ತಕ್ಕೊ ಮಗಾ” ಎಂದರು. ಸ್ವಲ್ಪ ತಡೆದು ಮತ್ತೊಮ್ಮೆ ಹಿಡಿದರು.

“ನೀವೂ ತಕ್ಕೊಳ್ಳಿ.”