ಮೂರನೇ ನಂಬರಿನ ಎರಡು ಎಂಜಿನ್‌ಗಳು

ಕಳೆದ ವರ್ಷದ ಸರಸ್ವತಿ ಪೂಜೆಯ ದಿನ ನಡೆದದ್ದು ಇದು. ನಾವು ಮೂಲತಃ ಧಾರವಾಡದವರು. ಕೋಲ್ಕತ್ತಾಗೆ ಬಂದು ಬಹಳ ವರ್ಷಗಳಾದವು. ನಾನು ಜಾದವ್‌ಪುರದ ಹತ್ತಿರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಮಾಡೆಲ್ ರೈಲುಗಳನ್ನು ಓಡಿಸುತ್ತೇನೆ. ಯಾರಾದರೂ ಅದನ್ನು ಆಟಿಕೆ ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬಾಲಿಗಂಜ್‌ನಲ್ಲಿ ದೇಬುದಾ ಎಂಬ ನಿವೃತ್ತ ಭೂಗೋಳದ ಮೇಷ್ಟ್ರಿದ್ದಾರೆ. ಅವರ ಮನೆಯ ಕೆಳಗಿನ ದೊಡ್ಡ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿ ಹಳಿ ಹಾಸಿದ್ದೇವೆ. ಭಾನುವಾರ ನಾಲ್ಕಾರು ಜನ ಸೇರಿ ರೈಲು ಓಡಿಸುವುದು, ಚಹಾ ಕುಡಿಯುವುದು, ಜಗಳಾಡುವುದು. ನನ್ನ ಹತ್ತಿರವೂ ದೇಬುದಾ ಹತ್ತಿರವೂ ಒಂದೇ ಬಗೆಯ ಹಳೆಯ ಡೀಸೆಲ್ ಎಂಜಿನ್ ಇದೆ. ಇಬ್ಬರದೂ ಮೂಕ ಎಂಜಿನ್. ಮೋಟರಿನ ಸಣ್ಣ ಗುಂಯ್ ಬಿಟ್ಟರೆ ಸದ್ದಿಲ್ಲ.

ಎಂಜಿನ್ನಿಗೆ ಸದ್ದು ಬರಬೇಕಾದರೆ ಅದರ ಹೊಟ್ಟೆಯೊಳಗೆ ಸೌಂಡ್ ಡಿಕೋಡರ್ ಎಂಬ ಬೆರಳುಗುರಿನಷ್ಟು ಅಗಲದ ಚಿಪ್ ಕೂರಿಸಬೇಕು. ಆಗ ಅದು ನಿಜವಾದ ಎಂಜಿನ್ನಿನ ಹಾಗೆ ಗುಡುಗುಡು ಎನ್ನುತ್ತದೆ, ಹಾರ್ನ್ ಹೊಡೆಯುತ್ತದೆ. ಧಾರವಾಡದಲ್ಲಿ ನಮ್ಮ ಮನೆ ಹಳಿಯ ಪಕ್ಕದಲ್ಲೇ ಇತ್ತು. ಸಿಗ್ನಲ್ ಸಿಗದೆ ನಿಂತ ಡೀಸೆಲ್ ಎಂಜಿನ್ನಿನ ಆ ಗುಡುಗುಡು ಕೇಳುತ್ತಲೇ ನಾನು ಪರೀಕ್ಷೆಗಳಿಗೆ ಓದಿದ್ದು. ಈಗ ಅಲ್ಲಿ ಕರೆಂಟಿನ ಎಂಜಿನ್‌ಗಳು ಓಡುತ್ತವೆ. ಆ ಸದ್ದು ನನ್ನ ಕೋಣೆಯಲ್ಲಿ ಇನ್ನೊಮ್ಮೆ ಕೇಳಬೇಕು ಎಂಬುದೊಂದೇ ಆಸೆ.

ನಮ್ಮ ದೇಶದ ಎಂಜಿನ್ ಸದ್ದು ತುಂಬಿದ ಡಿಕೋಡರ್ ಮಾಡಿಕೊಡುವವರೊಬ್ಬರು ಪರದೇಶದಲ್ಲಿದ್ದಾರೆ ಎಂದು ಪತ್ತೆ ಮಾಡಿದವಳು ನಾನು. ದೇಬುದಾಗೆ ಫೋನ್ ಮಾಡಿ ಹೇಳಿದವಳೂ ನಾನೇ. ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆರ್ಡರ್ ಹಾಕುತ್ತಿದ್ದೆವು. ಅಷ್ಟರಲ್ಲಿ ನನ್ನ ಒಲೆಯ ಮೇಲೆ ಹಾಲು ಉಕ್ಕಿತು. ಒಲೆ ಒರೆಸಿ ಬರುವಷ್ಟರಲ್ಲಿ ಆ ಕಂತಿನ ಕೊನೆಯ ಡಿಕೋಡರ್ ದೇಬುದಾ ಪಾಲಾಗಿತ್ತು. ನನ್ನ ಆರ್ಡರ್ ಮುಂದಿನ ಕಂತಿಗೆ ಹೋಯಿತು.

ದೇಬುದಾ ಅವರದು ದುರ್ಗಾ ಪೂಜೆಗೆ ಮುಂಚೆಯೇ ಬಂತು. ನನಗೆ ಬಂದದ್ದು ಇಮೇಲ್: ಬಿಡಿಭಾಗ ಸಿಗುತ್ತಿಲ್ಲ, ತಡವಾಗುತ್ತದೆ, ಕ್ಷಮಿಸಿ. ದೀಪಾವಳಿ ಕಳೆದ ಮೇಲೆ ಇನ್ನೊಂದು ಅಂಥದ್ದೇ ಇಮೇಲ್.

ಆ ಭಾನುವಾರಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ನಾನು ಒಳಗೆ ಕಾಲಿಡುತ್ತಿದ್ದಂತೆ ದೇಬುದಾ ಹಾರ್ನ್ ಒತ್ತುತ್ತಿದ್ದರು. ಉಳಿದವರು "ಆರ್ ಏಕ್‌ಬಾರ್, ಆರ್ ಏಕ್‌ಬಾರ್" ಎಂದು ಮತ್ತೆ ಒತ್ತಿಸುತ್ತಿದ್ದರು. ಆ ಹಾರ್ನ್ ಅವರ ಫೋನಿನ ರಿಂಗ್‌ಟೋನ್ ಕೂಡ ಆಯಿತು. ವಾಟ್ಸಾಪ್ ಗುಂಪಿಗೆ ವೀಡಿಯೊ ಹಾಕಿದಾಗಲೆಲ್ಲ ನಾನು ಹಲ್ಲು ಕಚ್ಚಿಕೊಂಡು ಚಪ್ಪಾಳೆಯ ಚಿತ್ರ ಒತ್ತುತ್ತಿದ್ದೆ. ಹೊಸ ಡಿಕೋಡರ್ ಎಲ್ಲವೂ ಕಾರ್ಖಾನೆಯಿಂದ ಮೂರು ಎಂಬ ನಂಬರ್ ಹೊತ್ತೇ ಬರುತ್ತವೆ. ನಮ್ಮ ಕೈಯಲ್ಲಿರುವ ಕಂಟ್ರೋಲರ್ ಆ ನಂಬರ್ ಹಿಡಿದೇ ಎಂಜಿನ್ನನ್ನು ಕರೆಯುವುದು. ಅದಕ್ಕೇ ಡಿಕೋಡರ್ ಬಂದ ಕೂಡಲೇ ಎಲ್ಲರೂ ಬೇರೆ ನಂಬರ್ ಕೊಡುತ್ತಾರೆ. ದೇಬುದಾ ಕೊಡಲಿಲ್ಲ. "ಮೂರು ನನ್ನ ಮನೆಯ ನಂಬರ್, ಇರಲಿ ಬಿಡು" ಎಂದು ನಕ್ಕರು. ಅದೂ ನನಗೆ ಜಂಬವಾಗಿಯೇ ಕಂಡಿತು.

"ನಿನ್ನದು ಬಂತಾ ಬನೊಜಾ?" ಎಂದು ಪ್ರತಿ ಸಲ ಕೇಳುತ್ತಿದ್ದರು. ನನ್ನ ಹೆಸರು ವನಜಾ. ಬಂಗಾಳಿಗಳ ಬಾಯಲ್ಲಿ ಹಾಗಾಗಿದೆ. ಇಲ್ಲ ಎಂದರೆ "ಹೊಬೇ, ಹೊಬೇ" ಅನ್ನುತ್ತಿದ್ದರು, ಆಗುತ್ತೆ ಆಗುತ್ತೆ ಎಂದು. ಆ ಸಮಾಧಾನ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಇವರ ಡಿಕೋಡರ್ ಸುಟ್ಟು ಕರಕಲಾಗಲಿ ಎಂದು ಒಂದು ದಿನ ಅವರ ಮನೆಯ ಚಹಾ ಕುಡಿಯುತ್ತಲೇ ಅಂದುಕೊಂಡೆ.

"ಯಾಕಿಷ್ಟ ಹೊಟ್ಟಿ ಉರ್ಕೊಳ್ಳಿಕತ್ತೀ? ಅವರದು ಬಂದದ, ನಿಂದೂ ಬರ್ತದ ತಗೋ," ಎಂದರು ನಮ್ಮ ಯಜಮಾನರು, ಮನೆಗೆ ಬಂದು ಇದನ್ನೆಲ್ಲ ಹೇಳಿಕೊಂಡಾಗ.

"ನಾ ಎಲ್ಲಿ ಉರ್ಕೊಂಡೇನ್ರಿ? ಸುಮ್ನ ಹೇಳಿದೆ."

"ಅಮ್ಮಾ, ಯು ಆರ್ ಸೋ ಜೆಲಸ್!" ಎಂದಳು ಮಗಳು, ಫೋನಿನಿಂದ ತಲೆಯನ್ನೂ ಎತ್ತದೆ.

ಸರಸ್ವತಿ ಪೂಜೆಗೆ ನಮ್ಮ ಗುಂಪಿನದೊಂದು ಪದ್ಧತಿ ಇದೆ. ಬಾರೆಹಣ್ಣಿಗೆ ಇಲ್ಲಿ ಕುಲ್ ಎನ್ನುತ್ತಾರೆ. ಸರಸ್ವತಿಗೆ ಅರ್ಪಿಸುವ ತನಕ ಅದನ್ನು ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ಪರೀಕ್ಷೆಯಲ್ಲಿ ನಪಾಸು ಎಂದು ಮಕ್ಕಳನ್ನು ಹೆದರಿಸುತ್ತಾರೆ. ಅಂದು ನಮ್ಮ ಮೇಜುಗಳನ್ನು ಓಣಿಯ ಕ್ಲಬ್ಬಿಗೆ ಒಯ್ದು, ಮೊದಲ ರೈಲಿನ ತೆರೆದ ಬೋಗಿಗಳಲ್ಲಿ ಕುಲ್ ತುಂಬಿ, ಮೇಜಿನ ಇನ್ನೊಂದು ತುದಿಯಲ್ಲಿರುವ ದೇವಿಯ ತನಕ ಓಡಿಸುತ್ತೇವೆ. ಆಯಾ ವರ್ಷ ಎಲ್ಲಕ್ಕಿಂತ ಈಚೆಗೆ ಬಂದ, ಇಲ್ಲವೇ ಹೊಸ ಭಾಗ ಕೂರಿಸಿಕೊಂಡ ಎಂಜಿನ್ನಿಗೆ ಆ ಮಾನ. ಆ ಸಲ ಸದ್ದು ಮಾಡುವ ದೇಬುದಾ ಎಂಜಿನ್ನಿಗೇ ಅದು ಎಂದು ಆಗಲೇ ತೀರ್ಮಾನವಾಗಿತ್ತು.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ನನ್ನ ಪಾರ್ಸೆಲ್ ಬಂತು! ಊಟ ಬಿಟ್ಟು ಕೂತು ಡಿಕೋಡರ್ ಕೂರಿಸಿದೆ. ಮನೆಯಲ್ಲಿರುವ ಸಣ್ಣ ಹಳಿಯ ಮೇಲೆ ಇಟ್ಟು ಗುಂಡಿ ಒತ್ತಿದೆ. ಗುಡುಗುಡು ಶುರುವಾಯಿತು. ಯಜಮಾನರು ಅಡುಗೆಮನೆಯಿಂದ ಓಡಿ ಬಂದು, "ಅಯ್ಯ, ಇದು ನಮ್ಮ ಧಾರವಾಡ ಸ್ಟೇಶನ್!" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಮನಸ್ಸಿನಲ್ಲಿ ಓಡುತ್ತಿದ್ದದ್ದು ಮಾತ್ರ ನಾಳೆ ದೇಬುದಾ ಮುಖ ಹೇಗಾಗುತ್ತದೆ ಎಂಬುದೇ.

ಮರುದಿನ ಹಳದಿ ಸೀರೆ ಉಟ್ಟು, ಎಂಜಿನ್ ಹಿಡಿದುಕೊಂಡು ಕ್ಲಬ್ಬಿಗೆ ಹೋದೆ. "ನಂದೇ ಈಗ ಹೊಸದು," ಎಂದೆ. ದೇಬುದಾ ಮುಖ ಸಣ್ಣದಾಗಲಿ ಎಂದು ಕಾದೆ. ಅವರು "ಆರೇ ಬಾಹ್!" ಎಂದು ಕೈ ತಟ್ಟಿದರು. ತಮ್ಮ ಎಂಜಿನ್ನನ್ನು ದೇವಿಯ ಬಳಿಯ ಸ್ಟೇಷನ್ನಿನಲ್ಲಿ, ನಮ್ಮ ರೈಲನ್ನು ಸ್ವಾಗತಿಸುವ ಹಾಗೆ ಇತ್ತ ಮುಖ ಮಾಡಿ ನಿಲ್ಲಿಸಿದರು. ಎರಡರ ನಡುವೆ ಒಂದೇ ಹಳಿ. ಮಧ್ಯದಲ್ಲಿ ಮೇಜಿನ ಅಂಚಿಗೆ ಒಂದು ಸೇತುವೆ.

ಕಂಟ್ರೋಲರ್‌ನಲ್ಲಿ ಮೂರು ಒತ್ತಿ ಸದ್ದು ಶುರು ಮಾಡಿದೆ. ಅಬ್ಬಾ, ಎಂಥ ಸದ್ದು! ದೇಬುದಾ ಎಂಜಿನ್ನಿಗಿಂತ ಎರಡರಷ್ಟು ಜೋರು. ಹಾರ್ನ್ ಒತ್ತಿದೆ, ಹಾಲ್ ನಡುಗಿತು. "ಕೇಳ್ರಿ, ನಂದು ಅವರದಕ್ಕಿಂತ ಎಷ್ಟ ಜೋರ್ ಅದ!" ಎಂದು ಯಜಮಾನರ ಕಿವಿಯಲ್ಲಿ ಹೇಳಿ ಬೀಗಿದೆ. ಅದು ಎರಡು ಎಂಜಿನ್ನುಗಳ ಸದ್ದು ಎಂದು ಹೊಳೆಯಲೇ ಇಲ್ಲ. ನಿನ್ನೆಯ ಸಂಭ್ರಮದಲ್ಲಿ ನಾನೂ ನಂಬರ್ ಬದಲಿಸಿರಲಿಲ್ಲ. ನನ್ನದೂ ಮೂರು, ಅವರದೂ ಮೂರು. ನಾನು ಒತ್ತಿದ್ದಕ್ಕೆಲ್ಲ ಎರಡೂ ಓಗೊಡುತ್ತಿದ್ದವು.

ವೇಗದ ಗುಂಡಿ ತಿರುಗಿಸಿದೆ. ನನ್ನ ರೈಲು ಕುಲ್ ಹೊತ್ತು ಹೊರಟಿತು. ಅತ್ತ ಕಡೆಯಿಂದ ದೇಬುದಾ ಎಂಜಿನ್ನೂ ಹೊರಟಿತು. ಜನ ಇದೂ ಆಟದ ಭಾಗ ಎಂದುಕೊಂಡು ಚಪ್ಪಾಳೆ ಹೊಡೆದರು. ಎರಡೂ ಸೇತುವೆಯ ಮೇಲೆ ಎದುರುಬದುರಾದವು. ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಅದನ್ನು ಒತ್ತುವುದು ಬಿಟ್ಟು, ಕಂಟ್ರೋಲರನ್ನೇ ಕೈಬಿಟ್ಟು, ನನ್ನ ಎಂಜಿನ್ ಹಿಡಿಯಲು ನುಗ್ಗಿದೆ. ಕೈಗೆ ಎಟುಕಲಿಲ್ಲ.

ಸೇತುವೆಯ ಪಕ್ಕದಲ್ಲಿ ದೇಬುದಾ ನಿಂತಿದ್ದರು. ಎರಡು ಎಂಜಿನ್ನುಗಳೂ ಅವರ ಕೈಯಳತೆಯಲ್ಲೇ ಇದ್ದವು. ಢಿಕ್ಕಿಯಾಯಿತು. ಅಂಚಿನಿಂದ ಜಾರುತ್ತಿದ್ದ ನನ್ನ ಎಂಜಿನ್ನನ್ನು ಅವರು ಎರಡೂ ಕೈಯಿಂದ ಬಾಚಿ ಹಿಡಿದರು. ಅವರದು ನೆಲಕ್ಕೆ ಬಿತ್ತು. ಕುಲ್ ಹಾಲ್ ತುಂಬ ಚೆಲ್ಲಿತು. ಮಕ್ಕಳು ಪರೀಕ್ಷೆಯ ಹೆದರಿಕೆ ಮರೆತು ಆರಿಸಿ ತಿನ್ನತೊಡಗಿದರು.

ಬಿದ್ದ ಎಂಜಿನ್ನನ್ನು ಎತ್ತಿ ಹಳಿಯ ಮೇಲಿಟ್ಟೆವು. ಸದ್ದಿಲ್ಲ. ಡಿಕೋಡರ್ ಹೋಗಿತ್ತು. ನಾನು ಅಂದುಕೊಂಡದ್ದೇ ಆಗಿತ್ತು. ಹಾಲ್‌ನಲ್ಲಿ ಸದ್ದು ಮಾಡುವ ಎಂಜಿನ್ ಈಗ ನನ್ನದೊಂದೇ.

"ನಿಮ್ಮದನ್ನ ಬಿಟ್ಟು ನನ್ನದನ್ನ ಯಾಕೆ ಹಿಡಿದಿರಿ?" ಎಂದು ಕೇಳಿದೆ.

"ಆರೇ ಬಾಬಾ, ನಿನ್ನದು ನಿನ್ನೆ ತಾನೇ ಬಂದದ್ದು. ನಾನು ಇಷ್ಟು ದಿನ ಕೇಳಿದ್ದೇನಲ್ಲ," ಎಂದರು. ಹಾಗೆಂದು ಅಂಗಿಯ ತೋಳಿನಿಂದ ನನ್ನ ಎಂಜಿನ್ನಿನ ಧೂಳು ಒರೆಸಿ ನನ್ನ ಕೈಗಿತ್ತರು.

ಅವರು ಮತ್ತೆ ಆರ್ಡರ್ ಹಾಕಿದರು. ಅದೇ ಇಮೇಲ್‌ಗಳು ಈಗ ಅವರಿಗೆ ಬರತೊಡಗಿದವು. ಭಾನುವಾರ ನನ್ನ ಕಂಟ್ರೋಲರ್ ಅವರ ಕೈಗೆ ಕೊಡುತ್ತಿದ್ದೆ. ಅವರು ಮನಸಾರೆ ಹಾರ್ನ್ ಹೊಡೆಯುತ್ತಿದ್ದರು. ನನ್ನ ಎಂಜಿನ್ನಿಗೆ ನಂಬರ್ ಬದಲಿಸಿ, ಮೂರನ್ನು ಅವರಿಗಾಗಿ ಖಾಲಿ ಬಿಟ್ಟೆ. ಹೋದ ತಿಂಗಳು ಅವರ ಹೊಸ ಡಿಕೋಡರ್ ಬಂತು. ನನ್ನದಕ್ಕಿಂತ ಹೊಸ ಮಾದರಿ, ಬ್ರೇಕ್ ಕಿರುಗುಟ್ಟುವ ಸದ್ದೂ ಅದರಲ್ಲಿದೆ. ಕೇಳಿದ ಕೂಡಲೇ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ!

ಆದರೆ ಆ ಬ್ರೇಕಿನ ಸದ್ದಿಗಿಂತ ಹೆಚ್ಚಾಗಿ ಇನ್ನೊಂದರ ಮೇಲೆ ನನಗೆ ಅಸೂಯೆ ಇದೆ. ಆ ದಿನ ಸೇತುವೆಯ ಕಡೆ ಚಾಚಿದ ಕೈಗಳು ಅವರ ಎರಡು, ನನ್ನ ಎರಡು. ನಾಲ್ಕೂ ನನ್ನ ಎಂಜಿನ್ನಿನತ್ತಲೇ ಚಾಚಿದ್ದವು. ಅವರಂಥ ಕೈ ನನಗೂ ಇರಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ.