ಎಂಬತ್ತೇಳನೇ ಹಾಳೆಯ ಗುಡ್ಡ

ನಮ್ಮ ನಕ್ಷೆ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಅಂಚಕ್ಕ ಎಂದೇ ಕರೆಯುತ್ತಿದ್ದರು. ಅಂಚು ಕೂಡಿಸುವ ಅಕ್ಕ. ದೇಶದ ಅತಿ ಹಳೆಯ ತಳಬಂಡೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ತೋರಿಸಬೇಕೆಂದು ಮೇಲಿನವರು ತೀರ್ಮಾನಿಸಿದಾಗ ಆ ಕೆಲಸ ಬಂದು ಬಿದ್ದದ್ದು ಆಕೆಯ ಮೇಜಿಗೆ. ನೂರ ಮೂವತ್ತೆರಡು ಹಾಳೆಗಳು, ಅರವತ್ತು ವರ್ಷಗಳಲ್ಲಿ ಬೇರೆಬೇರೆಯವರು ಬರೆದವು. ಒಬ್ಬ ಗುಲಾಬಿ ಬಳಿದ ಬಂಡೆಗೆ ಪಕ್ಕದ ಹಾಳೆಯವನು ಹಸಿರು ಬಳಿದಿರುತ್ತಿದ್ದ. ಒಂದು ಹಾಳೆಯ ಅಂಚಿಗೆ ಬಂದು ನಿಂತ ಗೆರೆಯ ಸುಳಿವೇ ಮುಂದಿನ ಹಾಳೆಯಲ್ಲಿ ಇರುತ್ತಿರಲಿಲ್ಲ. ಭೂಮಿಯೇನು ಇವರ ಹಾಳೆಯ ಅಳತೆ ಕೇಳಿಕೊಂಡು ಬದಲಾಗುತ್ತದೆಯೇ? ಈ ಮಹನೀಯರ ತಕರಾರುಗಳನ್ನೆಲ್ಲ ಅಂಚಕ್ಕ ಒಂಬತ್ತು ವರ್ಷ ಕೂತು ಬಗೆಹರಿಸಿದಳು. ನಾನು ಪಕ್ಕದ ಮೇಜಿನಲ್ಲಿ ನಕ್ಷೆಯ ಬಣ್ಣದ ಕೆಲಸ ನೋಡುತ್ತಿದ್ದವನು.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಎರಡು ಬಂಡೆಗಳು ಸೇರುವ ಗಡಿಯನ್ನು ನಡೆದು ಹೋಗಿ ಕಣ್ಣಾರೆ ಕಂಡಿದ್ದರೆ ಪೂರ್ಣ ಗೆರೆ ಎಳೆಯಬೇಕು, ಊಹಿಸಿದ್ದರೆ ತುಂಡುಗೆರೆ. ಅಂಚಕ್ಕನ ತಂದೆ ಇದೇ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿದ್ದವರು, ಎಂಟು ಹಾಳೆ ಬರೆದವರು. ನಡಿಗೆ ಸಾಹೇಬರೆಂದೇ ಹೆಸರು. ಅವರ ಹಾಳೆಗಳಲ್ಲಿ ತುಂಡುಗೆರೆ ಹುಡುಕಿದರೂ ಸಿಗುತ್ತಿರಲಿಲ್ಲ. "ನಡೀದೆ ಒಂದು ಗೆರೇನೂ ಎಳೆದೋನಲ್ಲ ನಾನು" ಎಂದು ಎಂಬತ್ತನಾಲ್ಕರ ವಯಸ್ಸಿನಲ್ಲೂ ಮಗಳ ಮನೆಯ ಕಿಟಕಿಯ ಪಕ್ಕ ಕೂತು ಹೇಳುತ್ತಿದ್ದರು. ನನಗೆ ಕೆಲಸ ಕಲಿಸಿದವರೂ ಅವರೇ. ಆ ಜಂಬ ಅವರಿಗೆ ಒಪ್ಪುತ್ತಿತ್ತು.

ಎಂಬತ್ತೇಳನೇ ಹಾಳೆ ಅವರದು. ಅದರ ಒಂದು ಗುಡ್ಡದ ಮೇಲೆ ಹಾದುಬಂದ ಗೆರೆ ಪಕ್ಕದ ಹಾಳೆಯ ಗೆರೆಗೆ ಎಂಟು ಮಿಲಿಮೀಟರ್ ತಪ್ಪಿತ್ತು. ನೆಲದ ಮೇಲೆ ಅದು ನಾನೂರು ಮೀಟರ್. ಯಾರದು ಸರಿ? ಅಂಚಕ್ಕ ತಂದೆಯ ಹಳೆಯ ಫೀಲ್ಡ್ ಪುಸ್ತಕ ತರಿಸಿ ತೆರೆದಳು. ಆ ಗುಡ್ಡದ ಪುಟ ಸಿಕ್ಕಿದ್ದೇ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

"ಈ ತಾರೀಖು ನೋಡಿ," ಎಂದಳು.

ಅದು ಆಕೆಯ ಅಣ್ಣ ತೀರಿಕೊಂಡ ದಿನ. ಐವತ್ತೊಂದು ವರ್ಷದ ಹಿಂದಿನ ಮಾತು. ಅವನಿಗೆ ಆರು ವರ್ಷ, ಅಂಚಕ್ಕ ಎಂಟು ತಿಂಗಳ ಕೂಸು. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದನಂತೆ. ಅಪ್ಪ ಹಿಂದಿನ ಸಂಜೆಯೇ ಓಡಿಬಂದಿದ್ದರು, ಅವರ ತೊಡೆಯ ಮೇಲೆ ತಲೆಯಿಟ್ಟೇ ಮಗು ಕಣ್ಣು ಮುಚ್ಚಿತು ಎಂದು ಅಮ್ಮ ತಾನು ಸಾಯುವವರೆಗೂ ಹೇಳಿದ್ದಳು. ಪುಸ್ತಕದಲ್ಲಾದರೋ ಅದೇ ದಿನ, ಮನೆಯಿಂದ ಒಂದಿಡೀ ದಿನದ ದಾರಿಯಷ್ಟು ದೂರವಿದ್ದ ಆ ಗುಡ್ಡದ ಮೇಲೆ ಏಳು ಜಾಗ ನೋಡಿದ್ದಾಗಿ ಅಪ್ಪನ ಕೈಬರಹ.

"ಅಂದ್ರೆ ಅಪ್ಪ ಆ ಗುಡ್ಡ ಹತ್ತೇ ಇಲ್ಲ. ಆಮೇಲೆ ಯಾವತ್ತೋ ಕೂತು ಬರೆದಿದ್ದಾರೆ," ಎಂದಳು ಅಂಚಕ್ಕ. ಅವರ ಗೆರೆ ತುಂಡಾದರೆ ಪಕ್ಕದ ಹಾಳೆಯವನ ಗೆರೆಯೇ ದೇಶದ ನಕ್ಷೆಗೆ ಏರುತ್ತದೆ. ಯಾಕೆ ಬದಲಾಯಿಸಿದೆ ಎಂದು ಇಲಾಖೆಯ ದಾಖಲೆಯಲ್ಲಿ ಬರೆಯಲೇಬೇಕು. ಮುದುಕರ ಹೆಸರು ಮಣ್ಣುಪಾಲು, ಅದೂ ಮಗಳ ಕೈಯಿಂದ. ನಾನಾಗಿದ್ದರೆ ಪುಸ್ತಕ ಮುಚ್ಚಿಟ್ಟು ತೆಪ್ಪಗಿರುತ್ತಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಅಂಚಕ್ಕ ನೇರವಾಗಿ ಅಪ್ಪನನ್ನೇ ಕೇಳಿದಳು.

ಮರುದಿನ ಬಂದವಳು ಚೀಲ ಇಡುವ ಮೊದಲೇ ಹೇಳಿದಳು: "ಒಪ್ಕೊಂಡ್ರು. ಡೇರೇಲಿ ಕೂತು ಬರೆದಿದ್ದು, ಸುಳ್ಳು, ತುಂಡುಗೆರೆ ಮಾಡಿಬಿಡು ಅಂದ್ರು."

ಇಷ್ಟು ವರ್ಷ ನಂಬಿದ್ದ ಒಬ್ಬ ಹಿರಿಯರೂ ಸುಳ್ಳಾದರಲ್ಲ ಎಂದು ನನಗೆ ಅನ್ನಿಸಿತು.

ಪೂರ್ಣ ಗೆರೆಯನ್ನು ತುಂಡು ಮಾಡುವ ಮೊದಲು ಆ ಜಾಗದಿಂದ ತಂದ ಕಲ್ಲುಗಳನ್ನು ಒಮ್ಮೆ ನೋಡಬೇಕೆಂಬುದು ನಿಯಮ. ಇಬ್ಬರೂ ಕಲ್ಲಿನ ಗೋದಾಮಿಗೆ ಹೋದೆವು. ತಗಡಿನ ಸೂರು, ಮೂಗಿಗೆ ಅಡರುವ ಧೂಳು, ಸಾಲುಸಾಲು ಮರದ ತಟ್ಟೆಗಳು. ಹತ್ತದ ಗುಡ್ಡದ ಕಲ್ಲು ಎಲ್ಲಿಂದ ಬರಬೇಕು, ತಟ್ಟೆ ಖಾಲಿಯಿರುತ್ತದೆ ಎಂದುಕೊಂಡಿದ್ದೆವು. ತಟ್ಟೆಯಲ್ಲಿ ಏಳು ಕಲ್ಲುಗಳಿದ್ದವು. ಗಡಿಯ ಆ ಕಡೆಯ ನಾಲ್ಕು ಪಟ್ಟೆಪಟ್ಟೆಯವು, ಈ ಕಡೆಯ ಮೂರು ಗ್ರಾನೈಟ್. ಬಿಳಿ ಬಣ್ಣದ ಮೇಲೆ ಬರೆದಿದ್ದದ್ದು ಪುಸ್ತಕದಲ್ಲಿದ್ದ ಸಂಖ್ಯೆಗಳನ್ನೇ. ಕೆಳಗೆ ಶಿಬಿರದ ಸ್ಟೋರ್‌ಕೀಪರ್ ತನ್ನ ಕೈಯಾರೆ ಬರೆದ ಚೀಟಿ: ಸಾಹೇಬರಿಂದ ಏಳು ಕಲ್ಲು ಬಂದಿವೆ, ಸಂಜೆ ಐದು ಗಂಟೆ. ತಾರೀಖು ಅದೇ.

ಅಂಚಕ್ಕ ಚೀಟಿಯನ್ನು ಎರಡು ಸಲ ಓದಿದಳು. ಗೆರೆ ನಿಜ. ಸುಳ್ಳಾದದ್ದು ಅಮ್ಮನ ಮಾತು. ಮಗ ಸಾಯುವಾಗ ಅಪ್ಪ ಮನೆಯಲ್ಲಿರಲಿಲ್ಲ. ಅದು ಮಗಳಿಗೆ ಗೊತ್ತಾಗಬಾರದೆಂದು ಮುದುಕರು ಜೀವಮಾನವೆಲ್ಲ ನಡೆದು ಗಳಿಸಿದ ಹೆಸರನ್ನೇ ಬಿಟ್ಟುಕೊಡಲು ತಯಾರಾಗಿದ್ದರು.

"ನೀವೂ ಬನ್ನಿ. ಒಬ್ಳೇ ಹೋಗೋಕೆ ಕಾಲೇ ಬರ್ತಿಲ್ಲ," ಎಂದಳು.

ಕಿಟಕಿಯ ಪಕ್ಕ ಕೂತಿದ್ದ ಸಾಹೇಬರು ನಾವು ಕೊಟ್ಟ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿ ಮಡಿಲಲ್ಲಿ ಇಟ್ಟುಕೊಂಡರು. ನಾನು ಎದ್ದು ಹೊರಗೆ ಹೋಗಲು ನೋಡಿದೆ. ಕೂರು ಎಂದು ಕೈ ಮಾಡಿದರು.

"ಹಿಂದಿನ ದಿನ ಬೆಳಿಗ್ಗೇನೇ ಸುದ್ದಿ ಬಂದಿತ್ತು, ಮಗೂಗೆ ಜ್ವರ ಅಂತ. ಮಕ್ಕಳಿಗೆ ಜ್ವರ ಬರುತ್ತೆ, ಹೋಗುತ್ತೆ ಅಂದ್ಕೊಂಡೆ. ಇದೊಂದು ಗುಡ್ಡ ಮುಗಿಸಿ ಹೊರಡೋಣ ಅಂದ್ಕೊಂಡೆ." ಮಡಿಲಲ್ಲಿದ್ದ ಚೀಟಿಯನ್ನು ಬೆರಳಿನಿಂದ ಸವರಿದರು. "ಸುದ್ದಿ ಬಂದ ತಕ್ಷಣ ಹೊರಟಿದ್ರೆ ನಿಮ್ಮಮ್ಮ ಹೇಳ್ತಿದ್ದ ಹಾಗೇ ಆಗ್ತಿತ್ತು. ಸಂಜೆಗೆ ಮನೆ ಸೇರ್ತಿದ್ದೆ. ನನ್ನ ತೊಡೆ ಮೇಲೇ ಇರ್ತಿದ್ದ."

"ಅಮ್ಮ ಯಾಕೆ ಹಾಗೆ ಹೇಳಿದ್ಲು?"

"ನೀನು ಅಣ್ಣ ಎಲ್ಲಿ ಅಂತ ಕೇಳೋ ವಯಸ್ಸಿಗೆ ಬಂದೆ. ಆ ಊರು ಬಿಟ್ಟು ಬಂದಿದ್ವಿ, ಹೌದು ಅಲ್ಲ ಅನ್ನೋರು ಯಾರೂ ಇರಲಿಲ್ಲ. ನನ್ನೆದುರಿಗೇ ಹೇಳಿದ್ಲು. ನಾನು ಇಲ್ಲ ಅನ್ನಲಿಲ್ಲ."

ಅಂಚಕ್ಕ ಅವರ ಮಡಿಲಿನಿಂದ ಚೀಟಿ ತೆಗೆದು ಮಡಚಿ ಚೀಲದೊಳಗಿಟ್ಟಳು.

"ಗೆರೆ ಹಾಗೇ ಇರುತ್ತೆ," ಎಂದಳು. "ನೀವು ನಡೆದಿದ್ದೀರಿ, ಅದು ಇರುತ್ತೆ. ಆದ್ರೆ ನಂಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ ಅಪ್ಪ. ತುಂಬಾ ಬಂದಿದೆ."

ಮುದುಕರು ತಲೆಯಾಡಿಸಿದರು.

"ಬರಲಿ ಮಗಳೇ. ನಿಮ್ಮಮ್ಮ ಒಂದು ದಿನವೂ ಸಿಟ್ಟು ಮಾಡ್ಕೊಳ್ಳಲಿಲ್ಲ. ಯಾರಾದ್ರೂ ಮಾಡ್ಕೋಬೇಕಿತ್ತು."