ಕೋಟು ಹಾಕಿಕೊಂಡವರೇ ಮಾಲೀಕರು

ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ಸು ಬಂದಿತ್ತು. ಮಲ್ಲೇಶ್ವರದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿರುವ ಮೊಮ್ಮಗಳು ಸುಧಾಳನ್ನು ಕೇಳಿದೆ. "ನೀರು ಕುಡಿದ್ರೆ ಎಲ್ಲಿಗೆ ಹೋಗ್ಲಿ ಅಜ್ಜಿ? ಅಲ್ಲಿ ನಮಗೆ ಬಾತ್‌ರೂಮ್ ಇಲ್ಲ" ಎಂದಳು, ಏನೂ ವಿಶೇಷವಿಲ್ಲ ಎನ್ನುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ನಿಮಗೆ ಹೇಳದಿದ್ದರೆ ಈ ಉರಿ ಇಳಿಯುವುದಿಲ್ಲ, ಕೇಳಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸ್ವಿಚ್ಚು ಜೋಡಿಸುವ ಕಾರ್ಖಾನೆಯೊಂದರಲ್ಲಿದ್ದೆ. ಭಾನುವಾರ ಶಂಕರಪುರದ ಒಂದು ಮಹಡಿ ಕೋಣೆಯಲ್ಲಿ ಯೂನಿಯನ್ನಿನವರಿಗೆ ತರಬೇತಿ. ಕಲಿಸುತ್ತಿದ್ದ ಮೇಷ್ಟ್ರು ನಿವೃತ್ತ ವಕೀಲರು. ಮಾತುಕತೆಯ ಅಭ್ಯಾಸಕ್ಕೆಂದು ನುಸಿಗುಳಿಗೆ ವಾಸನೆಯ ಅವರ ಕರಿ ಕೋಟನ್ನು ಯಾರು ಹಾಕಿಕೊಳ್ಳುತ್ತಾರೋ ಅವರು ಆ ಹೊತ್ತಿಗೆ ಮಾಲೀಕರು. ಎದುರಿಗೆ ನಿಂತವರು ಬೇಡಿಕೆ ಮಂಡಿಸಬೇಕು. ನಾನಂತೂ ಕೋಟು ಕಂಡದ್ದೇ ಕೈಮುಗಿದು, ಹೇಳಬೇಕಾದ್ದನ್ನೇ ಮರೆತು ಕೂತುಬಿಟ್ಟೆ. ಈಗಲೂ ಬ್ಯಾಂಕಿನಲ್ಲಿ ಕೋಟು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತೇನೆ.

ನನ್ನ ಪಕ್ಕದ ಬೆಂಚಿನ ನಂಜಮ್ಮ ಹಾಗಲ್ಲ. "ನಮಗೆ ಕಕ್ಕಸು ಕಟ್ಸಿ ಸ್ವಾಮಿ. ಬೆಳಿಗ್ಗೆಯಿಂದ ಸಂಜೆವರ್ಗೂ ತಡ್ಕೊಂಡು ಕೂತಿರ್ತೀವಿ" ಎಂದು ಕೋಟು ಹಾಕಿದವರ ಮುಖಕ್ಕೇ ಹೇಳಿದಳು. ಗಂಡಸರೆಲ್ಲ ಕಿಟಕಿಯಾಚೆ ನೋಡಿದರು. ಮೇಷ್ಟ್ರು ಮಾತ್ರ "ಇದೇ ಮೊದಲನೇ ಬೇಡಿಕೆ" ಎಂದರು.

ನಿಜವಾದ ಮಾತುಕತೆಯ ದಿನ ಒಳಗೆ ಹೋದವರು ಬರೀ ಗಂಡಸರು. ನಾವು ಗೇಟಿನಾಚೆ ಘೋಷಣೆ ಕೂಗಿ ಗಂಟಲು ಹರಿದುಕೊಂಡೆವು. ಮುಖಂಡ ಕೃಷ್ಣಪ್ಪ ಹೊರಬಂದು ಹಾರ ಹಾಕಿಸಿಕೊಂಡ. ಬೋನಸ್ಸು ಸಿಕ್ಕಿತ್ತು, ಕ್ಯಾಂಟೀನಿಗೆ ಫ್ಯಾನು ಸಿಕ್ಕಿತ್ತು.

"ನಮ್ದು?" ಎಂದಳು ನಂಜಮ್ಮ.

"ದೊಡ್ಡವರ ಮುಂದೆ ಆ ಮಾತು ಹೆಂಗೆ ಎತ್ತೋದಮ್ಮ? ನಾಚ್ಕೆ ಆಯ್ತು."

ನಾಚಿಕೆಯಂತೆ! ನಾವು ಹೊಟ್ಟೆ ಹಿಡಿದುಕೊಂಡು ಕೂತಿದ್ದಾಗ ಬಾರದ ನಾಚಿಕೆ ಇವನಿಗೆ ಬಾಯಿ ಬಿಡುವಾಗ ಬಂತಂತೆ. ಆ ಹಾರವನ್ನು ಕಿತ್ತೆಸೆಯಬೇಕು ಅನ್ನಿಸಿತ್ತು, ಇವತ್ತಿಗೂ ಅನ್ನಿಸುತ್ತದೆ.

ಮುಂದಿನ ಭಾನುವಾರ ನಂಜಮ್ಮ ಯಾರನ್ನೂ ಕೇಳದೆ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. "ಕೃಷ್ಣಪ್ಪನೋರೇ, ಈಗ ನಾನು ಮಾಲೀಕ. ಕೇಳಿ."

ಅವನು ಏನೋ ಗೊಣಗಿದ.

"ಕೇಳಿಸ್ಲಿಲ್ಲ."

ಮತ್ತೆ ಗೊಣಗಿದ.

"ಬೀದಿವರ್ಗೂ ಕೇಳಿಸ್ಬೇಕು."

ಕೊನೆಗೆ ಅವನು ಬೆವರು ಒರೆಸಿಕೊಂಡು "ಹೆಂಗಸರಿಗೆ ಕಕ್ಕಸು ಬೇಕು!" ಎಂದು ಕೂಗಿದಾಗ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು ಇಣುಕಿದರು. ನಂಜಮ್ಮ ಕೋಟು ಬಿಚ್ಚಿದಳು. "ಮುಂದಿನ್ ಸಲ ಒಳಗೆ ನಾನೂ ಬರ್ತೀನಿ" ಎಂದಳು. ಹೋದಳು, ಕಟ್ಟಿಸಿಕೊಂಡೇ ಬಂದಳು.

ಅಷ್ಟೆಲ್ಲ ಆಗಿಯೂ ನನ್ನ ಮೊಮ್ಮಗಳು ಒಣಗಿದ ಬಾಯಲ್ಲಿ ಮನೆಗೆ ಬರುತ್ತಾಳೆ. ಬೀರು ತೆಗೆದೆ. ನಮ್ಮ ಯಜಮಾನರ ಮದುವೆಯ ಕೋಟು ಅಲ್ಲೇ ಇತ್ತು, ಅದೇ ನುಸಿಗುಳಿಗೆ ವಾಸನೆ. ಸೀರೆಯ ಮೇಲೇ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ಕೂತೆ.

"ಇದೇನಜ್ಜಿ ವೇಷ?"

"ನಾನು ನಿಮ್ಮ ಅಂಗಡಿ ಮಾಲೀಕ. ನಿಂತ್ಕೊ. ಕೇಳು."

ಸುಧಾ ನಕ್ಕಳು. ನಾನು ನಗಲಿಲ್ಲ. ಅವಳು ತಲೆ ತಗ್ಗಿಸಿ ಮೆಲ್ಲಗೆ ಏನೋ ಅಂದಳು.

"ಕೇಳಿಸ್ಲಿಲ್ಲ" ಎಂದೆ.